ಕಾಣದ ಬಟನ್ನಿನ ಚರಿತ್ರೆ

ಊರಿನಿಂದ ನೆಂಟರು ಬಂದರೆ ಪುಣೆಯ ಕನ್ನಡಿಗರೆಲ್ಲ ಮಾಡುವುದನ್ನೇ ನಾನೂ ಮಾಡುತ್ತೇನೆ. ಶನಿವಾರವಾಡೆಗೆ ಕರೆದುಕೊಂಡು ಹೋಗುತ್ತೇನೆ. ಒಂದನೇ ಬಾಜೀರಾಯ 1730ರಲ್ಲಿ ಕಟ್ಟಿಸಲು ತೊಡಗಿದ ವಾಡೆ ಅದು. 1828ರ ಬೆಂಕಿಯ ನಂತರ ಒಳಗೆ ಅಡಿಪಾಯ, ಕಾರಂಜಿಯ ಗುಂಡಿ, ಹುಲ್ಲುಹಾಸು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ನೋಡಬೇಕಾದದ್ದು ಹೊರಗಿನ ಕೋಟೆಗೋಡೆ ಮತ್ತು ಉತ್ತರಕ್ಕೆ ಮುಖ ಮಾಡಿರುವ ದಿಲ್ಲಿ ದರವಾಜಾ. ಆನೆಗಳು ಹಣೆಯಿಂದ ಗುದ್ದದಂತೆ ಕದದ ತುಂಬ ಉಕ್ಕಿನ ಮೊಳೆಗಳು. ಆ ಭಾರಿ ಕದದಲ್ಲೇ ಕೊರೆದ, ಒಬ್ಬ ಮನುಷ್ಯ ಮಾತ್ರ ನುಸುಳಬಹುದಾದ ಒಂದು ಸಣ್ಣ ಬಾಗಿಲೂ ಇದೆ. ದಿನನಿತ್ಯದ ಓಡಾಟವೆಲ್ಲ ಅದರಲ್ಲೇ. ದಂಡು ಬಂದರೂ ಒಬ್ಬೊಬ್ಬರಾಗಿ ತಲೆ ಬಗ್ಗಿಸಿಯೇ ಬರಬೇಕು. ಮರಾಠಿಯಲ್ಲಿ ಇದಕ್ಕೆ ದಿಂಡಿ ದರವಾಜಾ ಅನ್ನುತ್ತಾರೆ. (ಪಂಢರಪುರದ ವಾರಿಗೆ ಹೊರಡುವ ಭಕ್ತರ ಗುಂಪಿಗೂ ದಿಂಡಿ ಎಂದೇ ಹೆಸರು. ನಾನು ಬಂದ ಹೊಸತರಲ್ಲಿ ಎರಡನ್ನೂ ಕಲಸಿಕೊಂಡು ನಗೆಪಾಟಲಾಗಿದ್ದೆ.) ನಮ್ಮ ದಿಡ್ಡಿ ಬಾಗಿಲು ಇದೇ. ಇಂಗ್ಲಿಷಿನಲ್ಲಿ ಇದಕ್ಕಿರುವ ಪದ ವಿಕೆಟ್.

ಕ್ರಿಕೆಟ್ಟಿನಿಂದಾಗಿ ಆ ಅರ್ಥ ನಮಗೆ ಮರೆತೇಹೋಗಿದೆ. ನನಗೆ ಅದು ನೆನಪಿರುವುದು ವಿಕೆಟ್ ಎಂಬ ಹೆಸರಿನ ಜಾವಾ ಫ್ರೇಮ್‌ವರ್ಕ್‌ನಿಂದ. ಹಿಂಜವಡಿಯಲ್ಲಿ ಕೂತು ಅದರಲ್ಲಿ ನಾಲ್ಕೈದು ವರ್ಷ ಕೋಡ್ ಬರೆದಿದ್ದೇನೆ, ಬರೆಸಿದ್ದೇನೆ. ಈ ಲೇಖನ ಅದರಲ್ಲಿನ ಒಂದೇ ಒಂದು ಸಣ್ಣ ಸಂಗತಿಯ ಚರಿತ್ರೆ. ವೆಬ್ ಪುಟದ ಒಂದು ಬಟನ್ನು ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು? ಅದನ್ನು ತೀರ್ಮಾನಿಸುವವರು ಯಾರು, ಎಷ್ಟು ಹೊತ್ತಿಗೆ, ಎಷ್ಟು ಸಲ? ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರದ ಪ್ರಶ್ನೆ. ಅದರ ಹಿಂದೆ ಮೂರು ದಶಕಗಳ ತಲೆಬಿಸಿ ಇದೆ. ನನ್ನ ಒಂದು ತಪ್ಪೂ ಇದೆ.

ಮೊದಲು ಡೆಸ್ಕ್‌ಟಾಪ್ ಕಾಲ. 1996ರಲ್ಲಿ ಜಾವಾ 1.0 ಬಂದಾಗ ಅದರ ಎಡಬ್ಲ್ಯೂಟಿ ಎಂಬ ಭಾಗದಲ್ಲಿ ಕಿಟಕಿ, ಬಟನ್ನುಗಳನ್ನು ಕಾಣಿಸಲು ಶೋ, ಮರೆಮಾಡಲು ಹೈಡ್ ಎಂಬ ಎರಡು ಮೆಥಡ್‌ಗಳಿದ್ದವು. ಎರಡೂ ಆಜ್ಞೆಗಳು: ಕಾಣು, ಮರೆಯಾಗು. ಮರುವರ್ಷ ಜಾವಾ 1.1ರ ಜೊತೆ ಜಾವಾಬೀನ್ಸ್ ಎಂಬ ಕಟ್ಟಳೆ ಬಂತು. ವಸ್ತುವಿನ ಪ್ರತಿಯೊಂದು ಗುಣವನ್ನೂ ಕೇಳಿ ತಿಳಿಯಲು ಒಂದು ಮೆಥಡ್, ಬದಲಿಸಲು ಇನ್ನೊಂದು ಇರಬೇಕು ಎಂದಿತು ಆ ಕಟ್ಟಳೆ. ಶೋ, ಹೈಡ್ ಎರಡನ್ನೂ ಹಳತೆಂದು ಬದಿಗಿಟ್ಟು, ಮೊದಲೇ ಇದ್ದ ಇಸ್‌ವಿಸಿಬಲ್‌ಗೆ ಜೋಡಿಯಾಗಿ ಸೆಟ್‌ವಿಸಿಬಲ್ ಎಂಬುದನ್ನು ತಂದರು. ಹೆಸರು ಬದಲಾಯಿತು ಅಷ್ಟೇ ಎಂದುಕೊಂಡರೆ ಅದು ಅಷ್ಟೇ ಅಲ್ಲ. ಆಜ್ಞೆ ಹೋಗಿ ಸ್ಥಿತಿ ಬಂತು. ಮರೆಯಾಗು ಎಂದು ಹೇಳುವುದು ಒಂದು ಗಳಿಗೆಯ ಮಾತು. ಮರೆಯಾಗಿದೆಯೇ ಎಂದು ಕೇಳಿದರೆ ಉತ್ತರ ಯಾವಾಗಲೂ ಸಿದ್ಧವಿರಬೇಕು. ನಾನು ಮುಂದೆ ಹೇಳುವ ಗೋಳೆಲ್ಲ ಹುಟ್ಟಿದ್ದು ಈ ‘ಯಾವಾಗಲೂ’ ಎಂಬುದರಿಂದ.

ವೆಬ್ಬಿಗೆ ಬಂದಾಗ ಈ ಸ್ಥಿತಿಯೇ ಇರಲಿಲ್ಲ. 1997ರ ಸರ್ವ್‌ಲೆಟ್‌ಗಳಲ್ಲಿ ಪುಟ ಎಂದರೆ ಸಾಲುಸಾಲಾಗಿ ಮುದ್ರಿಸುತ್ತ ಹೋಗುವ ಎಚ್‌ಟಿಎಂಎಲ್. ಬಟನ್ನು ಬೇಕಾದರೆ ಆ ಸಾಲನ್ನು ಮುದ್ರಿಸು, ಬೇಡವಾದರೆ ಬಿಡು. 1999ರಲ್ಲಿ ಜೆಎಸ್‌ಪಿ ಬಂದು ಅಡುಗೆ ಉಲ್ಟಾ ಆಯಿತು: ಎಚ್‌ಟಿಎಂಎಲ್ ನಡುವೆ ಜಾವಾ ತುಣುಕು. ತುಣುಕಿನಲ್ಲಿ ಇಫ್ ತೆರೆದು, ನಡುವೆ ನಲವತ್ತು ಸಾಲು ಎಚ್‌ಟಿಎಂಎಲ್ ಬರೆದು, ಆಮೇಲೆ ಎಲ್ಲೋ ಕೆಳಗೆ ಆವರಣ ಮುಚ್ಚುವುದು. ಪುಣೆಯಲ್ಲಿ ಸಿ-ಡ್ಯಾಕ್‌ನ ಡಿಪ್ಲೊಮಾ ಮುಗಿಸಿ ನೌಕರಿ ಹಿಡಿದ ನನ್ನ ಹಿರಿಯರು ಅಂಥ ಪುಟಗಳ ಕಥೆಗಳನ್ನು ಯುದ್ಧದ ಕಥೆಗಳಂತೆ ಹೇಳುತ್ತಿದ್ದರು. ಮುಚ್ಚುವ ಆವರಣ ಯಾವ ಇಫ್‌ನದು ಎಂದು ಹುಡುಕಲು ಪುಟವನ್ನು ಪ್ರಿಂಟ್ ತೆಗೆದು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದರಂತೆ. 2000ದಲ್ಲಿ ಕ್ರೇಗ್ ಮೆಕ್‌ಕ್ಲಾನಹನ್ ಅಪಾಚೆಗೆ ಕೊಟ್ಟ ಸ್ಟ್ರಟ್ಸ್ ಮತ್ತು 2002ರ ಜೆಎಸ್‌ಟಿಎಲ್, ಎರಡೂ ಈ ಇಫ್‌ಗೆ ಟ್ಯಾಗಿನ ಅಂಗಿ ತೊಡಿಸಿದವು. ಒಳಗಿದ್ದದ್ದು ಅದೇ ಇಫ್.

ಬಟನ್ನು ಒಂದು ಸಾಲಲ್ಲ, ಒಂದು ವಸ್ತು ಎಂಬ ಯೋಚನೆ ಜಾವಾದ ಹೊರಗಿನಿಂದ ಬಂತು. ಸ್ಟೀವ್ ಜಾಬ್ಸ್ ಆಪಲ್ ಬಿಟ್ಟು ಕಟ್ಟಿದ ನೆಕ್ಸ್ಟ್ ಕಂಪನಿ 1996ರಲ್ಲಿ ವೆಬ್‌ಆಬ್ಜೆಕ್ಟ್ಸ್ ಎಂಬ ಸಲಕರಣೆಯನ್ನು ಹೊರತಂದಿತ್ತು. ಅದರಲ್ಲಿ ಪುಟವೆಂದರೆ ಬಿಡಿಭಾಗಗಳ ಮರ, ಮರದೊಳಗೆ ‘ಷರತ್ತು’ ಎಂಬುದೂ ಒಂದು ಬಿಡಿಭಾಗ. ಷರತ್ತು ನಿಜವಾದರೆ ಅದರ ಹೊಟ್ಟೆಯೊಳಗಿರುವುದೆಲ್ಲ ಕಾಣುತ್ತದೆ. ಹೊವರ್ಡ್ ಲೂಯಿಸ್ ಶಿಪ್ 2000ದಲ್ಲಿ ಶುರುಮಾಡಿದ ಟ್ಯಾಪೆಸ್ಟ್ರಿ ಈ ಯೋಚನೆಯನ್ನು ಜಾವಾ ಲೋಕಕ್ಕೆ ತಂದಿತು. 2004ರ ಮಾರ್ಚಿನಲ್ಲಿ ಅಧಿಕೃತ ಜೆಎಸ್‌ಎಫ್ ಬಂದಾಗ ಪ್ರತಿ ಬಿಡಿಭಾಗಕ್ಕೂ ರೆಂಡರ್ಡ್ ಎಂಬ ಗುಣವನ್ನು ಅಂಟಿಸಿದರು. ಅದಕ್ಕೆ ಸುಳ್ಳು ಎಂದು ಬೆಲೆ ಕೊಟ್ಟರೆ ಆ ಭಾಗ ಬ್ರೌಸರಿಗೆ ಹೋಗುವುದೇ ಇಲ್ಲ.

ಈ ‘ಹೋಗುವುದೇ ಇಲ್ಲ’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಬ್ರೌಸರಿನಲ್ಲೇ ಮರೆಮಾಡುವ ದಾರಿಯೂ ಆಗಲೇ ಇತ್ತು. ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ನನ್ ಎಂದು ಬರೆದರೆ ಆಯಿತು, ಬಟನ್ನು ಕಾಣುವುದಿಲ್ಲ. ಆದರೆ ಅದು ಬಳಕೆದಾರನ ಕಂಪ್ಯೂಟರಿಗೆ ಬಂದು ಕೂತಿರುತ್ತದೆ. ಪುಟದ ಮೂಲವನ್ನು ತೆರೆದು ನೋಡುವ ಯಾರಿಗೂ ಅದು ಸಿಗುತ್ತದೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಒನಕೆ ಓಬವ್ವನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರದುರ್ಗದ ಆ ಕಿಂಡಿ ಮುಚ್ಚಿರಲಿಲ್ಲ. ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ. ಹೈದರಾಲಿಯ ಕಡೆಯವರ ಕಣ್ಣಿಗೆ ಬಿದ್ದ ದಿನ ಅದು ಬಾಗಿಲಾಯಿತು.

ವೆಬ್ಬಿನಲ್ಲೂ ಹಾಗೆಯೇ ಆಯಿತು. 2000ದ ಫೆಬ್ರವರಿಯಲ್ಲಿ ಇಂಟರ್ನೆಟ್ ಸೆಕ್ಯುರಿಟಿ ಸಿಸ್ಟಮ್ಸ್ ಎಂಬ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು. ಆನ್‌ಲೈನ್ ಅಂಗಡಿಗಳು ಬಳಸುತ್ತಿದ್ದ ಹಲವು ತಂತ್ರಾಂಶಗಳು ಸಾಮಾನಿನ ಬೆಲೆಯನ್ನು ಫಾರ್ಮಿನ ಕಾಣದ ಖಾನೆಯಲ್ಲಿಟ್ಟು, ಗ್ರಾಹಕ ವಾಪಸು ಕಳಿಸಿದ ಬೆಲೆಯನ್ನೇ ನಂಬುತ್ತಿದ್ದವು. ಬೆಲೆ ತಿದ್ದಿ ಕಳಿಸಿದರೆ ತಿದ್ದಿದ ಬೆಲೆಗೇ ವ್ಯಾಪಾರ. ಇದೇ ರೋಗದ ಇನ್ನೊಂದು ರೂಪ, ಬಟನ್ನನ್ನು ಮರೆಮಾಡಿ ಅದರ ಹಿಂದಿನ ಕೆಲಸಕ್ಕೆ ಕಾವಲು ಹಾಕದಿರುವುದು. ವೆಬ್ ಸುರಕ್ಷತೆಯ ಹತ್ತು ಮುಖ್ಯ ಅಪಾಯಗಳನ್ನು ಆಗಾಗ ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ 2007ರ ಪಟ್ಟಿಯಲ್ಲಿ ಇದು ಬೇರೆ ಹೆಸರಿನಲ್ಲಿ ಹತ್ತನೆಯದು, ಕೊನೆಯದು. 2021ರ ಪಟ್ಟಿಯಲ್ಲಿ ಇದನ್ನೂ ಒಳಗೊಂಡ ಗುಂಪು ಮೊದಲನೆಯದು.

ಹೀಗಾಗಿ ಜೆಎಸ್‌ಎಫ್ ಒಂದು ಗಟ್ಟಿ ನಿರ್ಧಾರ ತೆಗೆದುಕೊಂಡಿತ್ತು. ಪುಟ ಕಳಿಸುವಾಗ ಮಾತ್ರವಲ್ಲ, ಬಟನ್ನು ಒತ್ತಿದ ಸುದ್ದಿ ಸರ್ವರಿಗೆ ಬಂದಾಗಲೂ ಅದು ರೆಂಡರ್ಡ್ ಅನ್ನು ಇನ್ನೊಮ್ಮೆ ಕೇಳುತ್ತದೆ. ಈಗ ಉತ್ತರ ಇಲ್ಲ ಎಂದಾದರೆ ಒತ್ತಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಳ್ಳನಿಗೆ ಇದು ಸರಿಯಾದ ಮದ್ದು. ಆದರೆ ಮನೆಯವರಿಗೂ ಇದೇ ಮದ್ದು ಬಿತ್ತು. ಷರತ್ತಿಗೆ ಬೇಕಾದ ಮಾಹಿತಿಯನ್ನು ಆ ಒಂದು ರಿಕ್ವೆಸ್ಟ್‌ಗೆ ಮಾತ್ರ ಇಟ್ಟುಕೊಂಡಿದ್ದರೆ ಮುಂದಿನ ಸಲಕ್ಕೆ ಅದು ಕಳೆದುಹೋಗಿರುತ್ತದೆ. ಬಳಕೆದಾರ ಕಣ್ಣಾರೆ ಕಂಡು ಒತ್ತಿದ ಬಟನ್ನು ಸರ್ವರಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ತಪ್ಪಿನ ಸಂದೇಶವೂ ಬರುವುದಿಲ್ಲ. ಒತ್ತುತ್ತಾನೆ, ಪುಟ ಮಿನುಗಿ ಹಾಗೆಯೇ ನಿಲ್ಲುತ್ತದೆ. ಜೆಎಸ್‌ಎಫ್ ಕಲಿತವರಲ್ಲಿ ಒಂದು ರಾತ್ರಿಯನ್ನಾದರೂ ಇದಕ್ಕೆ ಬಲಿಕೊಡದವರು ನನಗೆ ಸಿಕ್ಕಿಲ್ಲ.

ವಿಕೆಟ್ ಹುಟ್ಟಿದ್ದೂ 2004ರಲ್ಲೇ. ಜೊನಾಥನ್ ಲಾಕ್ ಶುರುಮಾಡಿದ್ದು, 2007ರಲ್ಲಿ ಅಪಾಚೆಯ ಪೂರ್ಣ ಪ್ರಮಾಣದ ಯೋಜನೆಯಾಯಿತು. ಎಚ್‌ಟಿಎಂಎಲ್‌ನಲ್ಲಿ ಇಫ್, ಲೂಪ್ ಏನೂ ಬೇಡ, ತರ್ಕವೆಲ್ಲ ಜಾವಾದಲ್ಲೇ ಇರಲಿ ಎಂಬುದು ಅದರ ಹಟ. ಪುಟವೆಂಬುದು ಸರ್ವರಿನಲ್ಲಿ ಜೀವ ಹಿಡಿದುಕೊಂಡಿರುವ ಜಾವಾ ವಸ್ತು, ಅದರೊಳಗೆ ಬಟನ್ನು ಇನ್ನೊಂದು ವಸ್ತು. ಬಳಕೆದಾರ ಪುಟ ಬಿಟ್ಟು ಹೋಗುವವರೆಗೂ ಅವೆಲ್ಲ ಉಳಿದಿರುತ್ತವೆ. 1997ರ ಸೆಟ್‌ವಿಸಿಬಲ್, ಇಸ್‌ವಿಸಿಬಲ್ ಜೋಡಿ ಇಲ್ಲಿ ಮರಳಿ ಬಂತು. ಕಾಣದ ಬಟನ್ನು ಬ್ರೌಸರಿಗೆ ಹೋಗುವುದಿಲ್ಲ. ಯಾರಾದರೂ ಅದರ ಕೊಂಡಿಯನ್ನು ಕೈಯಾರೆ ಬರೆದು ಕಳಿಸಿದರೂ ವಿಕೆಟ್ ಒಪ್ಪುವುದಿಲ್ಲ. ದಿಡ್ಡಿ ಬಾಗಿಲಿನ ಹೆಸರಿಗೆ ತಕ್ಕ ಕಾವಲು.

ಎಂಟೆಕ್ ಮುಗಿಸಿ ಪುಣೆಗೆ ಬಂದು ಮೂರು ವರ್ಷವಾಗಿತ್ತು, 2009. ವಿಮೆ ಕ್ಲೇಮುಗಳ ಒಂದು ಪ್ರಾಜೆಕ್ಟು, ವಿಕೆಟ್ 1.3ರಲ್ಲಿ. ನಾನು ಆಗಷ್ಟೇ ಟೀಮ್ ಲೀಡ್ ಆಗಿದ್ದೆ. ನನ್ನ ಕೈಕೆಳಗೆ ವಿಜಯಪುರ ಕಡೆಯ ಒಬ್ಬ ಹುಡುಗಿ ಇದ್ದಳು. ಮೊದಲ ನೌಕರಿ. ಊಟದ ಹೊತ್ತಿನಲ್ಲಿ ಕನ್ನಡ ಮಾತಾಡಲು ನಾವು ಇಬ್ಬರೇ.

ಆಕೆಗೆ ಕೊಟ್ಟ ಪುಟದಲ್ಲಿ ಕ್ಲೇಮುಗಳ ಪಟ್ಟಿ. ಪ್ರತಿ ಸಾಲಿಗೂ ಒಪ್ಪು, ತಿರಸ್ಕರಿಸು, ಮೇಲಧಿಕಾರಿಗೆ ಕಳಿಸು ಎಂಬ ಮೂರು ಬಟನ್ನು. ಕ್ಲೇಮಿನ ಸ್ಥಿತಿ ಮತ್ತು ನೋಡುತ್ತಿರುವವನ ಅಧಿಕಾರ ನೋಡಿ ಅವುಗಳಲ್ಲಿ ಕೆಲವು ಮಾತ್ರ ಕಾಣಬೇಕು. ಆಕೆ ಮೊದಲು ಬರೆದದ್ದು ಎಲ್ಲರೂ ಮೊದಲು ಬರೆಯುವುದನ್ನೇ: ಪುಟ ಹುಟ್ಟುವಾಗ ಬಟನ್ನಿಗೆ ಸೆಟ್‌ವಿಸಿಬಲ್ ಎಂದು ಒಮ್ಮೆ ಹೇಳಿ ಮುಗಿಸುವುದು. ಆದರೆ ಪುಟ ಬದುಕಿಯೇ ಇರುತ್ತದಲ್ಲ. ನಡುವೆ ಬೇರೊಬ್ಬರು ಕ್ಲೇಮನ್ನು ತಿರಸ್ಕರಿಸಿದರೂ ಈ ಬಟನ್ನಿಗೆ ಅದು ಗೊತ್ತಾಗುವುದಿಲ್ಲ. ಒಂದನೇ ಕ್ಲಾಸಿಗೆ ಸೇರಿದ ದಿನದ ಹಾಜರಿಯನ್ನೇ ಏಳನೇ ಕ್ಲಾಸಿನವರೆಗೆ ನಂಬಿದ ಹಾಗೆ.

ರಿವ್ಯೂ ಮಾಡಿದವನು ನಾನು. “ಹಂಗ ಮಾಡಬ್ಯಾಡ, ಇಸ್‌ವಿಸಿಬಲ್ ಅನ್ನೇ ಓವರ್‌ರೈಡ್ ಮಾಡು. ಕೇಳಿದಾಗೊಮ್ಮೆ ತಾಜಾ ಉತ್ತರ ಬರ್ತೈತಿ” ಎಂದೆ. ಅಂದರೆ ಹೌದು, ಇಲ್ಲ ಎಂಬ ಸಿದ್ಧ ಉತ್ತರವನ್ನು ಇಟ್ಟುಕೊಳ್ಳುವ ಬದಲು, ಕೇಳಿದಾಗೆಲ್ಲ ಹೊಸದಾಗಿ ಲೆಕ್ಕ ಹಾಕಿ ಹೇಳುವ ಕೋಡನ್ನು ಆ ಮೆಥಡ್‌ನಲ್ಲೇ ಬರೆಯುವುದು. ಆ ಕಾಲದ ವಿಕೆಟ್ ಬಳಕೆದಾರರೆಲ್ಲ ಹಾಗೆಯೇ ಮಾಡುತ್ತಿದ್ದರು, ನೋಡಲೂ ಅಚ್ಚುಕಟ್ಟು. ಆಕೆ ಹಾಗೆಯೇ ಬರೆದಳು. ಅಧಿಕಾರ ತಿಳಿಯಲು ಡೇಟಾಬೇಸಿಗೆ ಒಂದು ಪ್ರಶ್ನೆ, ಆ ಮೆಥಡ್‌ನ ಒಳಗೇ. “ಒಮ್ಮೆ ಅಷ್ಟ ಕರೀತೈತಿ ಅಲ್ರಿ ಸರ್ ಇದನ್ನ?” ಎಂದು ಕೇಳಿದ್ದಳು. ಹೂಂ ಅಂದಿದ್ದೆ. ಪರೀಕ್ಷಿಸಿ ನೋಡಿರಲಿಲ್ಲ.

ವಿಕೆಟ್ ಒಂದು ರಿಕ್ವೆಸ್ಟ್‌ನಲ್ಲಿ ಆ ಪ್ರಶ್ನೆಯನ್ನು ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ರೆಂಡರ್‌ಗೆ ಸಿದ್ಧಮಾಡುವಾಗ ಕೇಳುತ್ತದೆ, ರೆಂಡರ್ ಮಾಡುವಾಗ ಕೇಳುತ್ತದೆ, ಒಳಗಿನ ಮಕ್ಕಳು ತಮ್ಮ ತಾಯಿ ಕಾಣುತ್ತಾಳೆಯೇ ಎಂದು ವಿಚಾರಿಸುವಾಗಲೂ ಕೇಳುತ್ತದೆ. ನಲವತ್ತು ಸಾಲು, ಸಾಲಿಗೆ ಮೂರು ಬಟನ್ನು, ಬಟನ್ನಿಗೆ ನಾಲ್ಕೈದು ಸಲ. ಒಂದು ಪುಟ ತೆರೆದರೆ ಡೇಟಾಬೇಸಿಗೆ 600ರ ಸುಮಾರು ಪ್ರಶ್ನೆ. ನಮ್ಮ ಟೆಸ್ಟಿಂಗಿನಲ್ಲಿ ಇದ್ದದ್ದು ಐದು ಕ್ಲೇಮು, ಏನೂ ಗೊತ್ತಾಗಲಿಲ್ಲ. ಮೊದಲ ತಿಂಗಳ ಕೊನೆಗೆ ಗ್ರಾಹಕರ ಕಚೇರಿಯಲ್ಲಿ ಎಲ್ಲರೂ ಒಟ್ಟಿಗೆ ಆ ಪುಟ ತೆರೆದರು. ಡೇಟಾಬೇಸ್ ಕಾಲು ಚಾಚಿ ಮಲಗಿತು.

ಅದಕ್ಕಿಂತ ಕೆಟ್ಟದ್ದು ಫಾರ್ಮಿನ ಪುಟದಲ್ಲಿ ಆಯಿತು. ಫಾರ್ಮು ಸಲ್ಲಿಸಿದಾಗ ವಿಕೆಟ್ ಹಲವು ಹೆಜ್ಜೆಗಳಲ್ಲಿ ನಡೆಯುತ್ತದೆ: ಬಂದ ಬೆಲೆ ಓದು, ಸರಿಯಿದೆಯೇ ನೋಡು, ಒಳಗಿನ ದತ್ತಾಂಶಕ್ಕೆ ತುಂಬು. ಪ್ರತಿ ಹೆಜ್ಜೆಯಲ್ಲೂ ಖಾನೆ ಕಾಣುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಒಂದು ಖಾನೆ ಕಾಣುವುದು ಇನ್ನೊಂದು ಖಾನೆಯ ಬೆಲೆಯನ್ನು ನೆಚ್ಚಿಕೊಂಡಿದ್ದರೆ, ಮೊದಲ ಹೆಜ್ಜೆಯಲ್ಲಿ ಹೌದು ಎಂದ ಖಾನೆ ಮೂರನೆಯದರಲ್ಲಿ ಇಲ್ಲ ಎನ್ನುತ್ತದೆ. ಬರೆದ ಮೊತ್ತ ತುಂಬಿಕೊಳ್ಳದೆ ಮಾಯ. ಕೆಲವು ಕ್ಲೇಮುಗಳ ಮೊತ್ತವನ್ನು ಗ್ರಾಹಕರ ಸಿಬ್ಬಂದಿ ಕಾಗದ ನೋಡಿ ಮತ್ತೆ ಬರೆಯಬೇಕಾಯಿತು.

ರಾತ್ರಿ ಒಂಬತ್ತಕ್ಕೆ ಕಾಲ್. ಈ ಕೋಡ್ ಬರೆದವರು ಯಾರು ಎಂದು ಮೇಲಿನವರು ಕೇಳಿದರು. ಎಸ್‌ವಿಎನ್‌ನಲ್ಲಿ ಚೆಕ್-ಇನ್ ಆಕೆಯ ಹೆಸರಿನಲ್ಲಿತ್ತು. ನಾನು ಆಕೆಯ ಹೆಸರು ಹೇಳಿದೆ. ಹೇಳಿಕೊಟ್ಟವನು, ನೋಡಿ ಸರಿ ಎಂದವನು ನಾನು ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಲ್ ಮುಗಿದ ಮೇಲೆ ಆಕೆ, “ನೀವ ಅಂದಿದ್ರಲ್ರಿ ಸರ್” ಎಂದಷ್ಟೇ ಹೇಳಿದಳು. ಆ ವರ್ಷದ ಅಪ್ರೈಸಲ್‌ನಲ್ಲಿ ಆಕೆಗೆ ಕೆಳಗಿನ ರೇಟಿಂಗ್ ಬಂತು. ಮುಂದಿನ ಮಳೆಗಾಲದೊಳಗೆ ಬೆಂಗಳೂರಿಗೆ ಹೋದಳು.

ನಾವು ಆಗ ಬೇರೇನು ಮಾಡಬಹುದಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇನ್ನೊಂದು ದಾರಿ ಇತ್ತು, ಪುಟ ರೆಂಡರ್ ಆಗುವ ಮುಂಚೆ ವಿಕೆಟ್ ಕರೆಯುವ ಆನ್‌ಬಿಫೋರ್‌ರೆಂಡರ್. ಅಲ್ಲಿ ಸೆಟ್‌ವಿಸಿಬಲ್ ಮಾಡಬಹುದಲ್ಲ? ಅದರಲ್ಲೊಂದು ತಮಾಷೆ ಇದೆ. ಕಾಣುವ ಬಿಡಿಭಾಗಗಳಿಗೆ ಮಾತ್ರ ಆ ಕರೆ ಬರುತ್ತದೆ. ಒಮ್ಮೆ ಸುಳ್ಳು ಎಂದು ಹೇಳಿದರೆ ಮುಂದಿನ ಸಲ ಅದನ್ನು ಕರೆಯುವುದೇ ಇಲ್ಲ, ಮತ್ತೆ ಕಾಣಿಸು ಎಂದು ಹೇಳುವ ಅವಕಾಶವೇ ಸಿಗುವುದಿಲ್ಲ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕೊನೆಗೆ ನಾವು ಮಾಡಿದ್ದು ಉತ್ತರವನ್ನು ಒಂದು ರಿಕ್ವೆಸ್ಟ್‌ನ ಮಟ್ಟಿಗೆ ನೆನಪಿಟ್ಟುಕೊಳ್ಳುವ ತೇಪೆ. ತೇಪೆ ಗಟ್ಟಿಯಾಗಿಯೇ ಇತ್ತು, ಆದರೆ ತೇಪೆಯೇ.

ಸರಿಯಾದ ಉತ್ತರ ಬಂದದ್ದು ವಿಕೆಟ್ 1.4ರ ಸರಣಿಯಲ್ಲಿ. 1.4 ಬಿಡುಗಡೆಯಾದದ್ದು 2009ರ ಜುಲೈನಲ್ಲಿ. ಅದರ ಮುಂದಿನ ಒಂದು ಸಣ್ಣ ಆವೃತ್ತಿಯಲ್ಲಿ ಆನ್‌ಕಾನ್ಫಿಗರ್ ಎಂಬ ಹೊಸ ಮೆಥಡ್ ಸೇರಿತು. ರೆಂಡರ್‌ಗೆ ಮುಂಚೆ, ಒಂದು ರಿಕ್ವೆಸ್ಟ್‌ಗೆ ಒಂದೇ ಸಲ ಅದನ್ನು ಕರೆಯುತ್ತಾರೆ. ಮರೆಯಾಗಿರುವ ಬಿಡಿಭಾಗವನ್ನೂ ಕರೆಯುತ್ತಾರೆ, ಬೀಗದ ಕೈ ಒಳಗೆ ಉಳಿಯುವ ಭಯವಿಲ್ಲ. ಅಲ್ಲಿ ಲೆಕ್ಕ ಹಾಕಿ ಸೆಟ್‌ವಿಸಿಬಲ್ ಎಂದು ಬರೆದಿಟ್ಟರೆ, ಆ ಪುಟ ರೆಂಡರ್ ಆಗಿ ಮುಗಿಯುವವರೆಗೆ ಯಾರು ಎಷ್ಟು ಸಲ ಕೇಳಿದರೂ ಬರೆದಿಟ್ಟದ್ದೇ ಉತ್ತರ. ಮಾಸ್ತರರು ಬೆಳಿಗ್ಗೆ ಒಮ್ಮೆ ಹಾಜರಿ ಕೂಗಿ ಪುಸ್ತಕದಲ್ಲಿ ಗುರುತು ಹಾಕುತ್ತಾರಲ್ಲ, ಹಾಗೆ. ಈ ಮೆಥಡ್‌ನ ಮೇಲೆ ವಿಕೆಟ್ ಬರೆದವರು ಉದ್ದನೆಯ ಟಿಪ್ಪಣಿ ಹಾಕಿದ್ದಾರೆ. ಇಸ್‌ವಿಸಿಬಲ್ ಅನ್ನು ನೇರವಾಗಿ ಓವರ್‌ರೈಡ್ ಮಾಡುವುದಕ್ಕಿಂತ ಇದು ಏಕೆ ಮೇಲು ಎಂಬುದಕ್ಕೆ ಅವರು ಕೊಡುವ ಕಾರಣ ಎರಡು. ಅದನ್ನು ಒಂದೇ ರಿಕ್ವೆಸ್ಟ್‌ನಲ್ಲಿ ಹಲವು ಸಲ ಕರೆಯುತ್ತಾರೆ, ಒಳಗೆ ಭಾರದ ಲೆಕ್ಕವಿದ್ದರೆ ಇಡೀ ಪುಟ ನಿಧಾನವಾಗುತ್ತದೆ. ಫಾರ್ಮಿನ ಖಾನೆಗಳಲ್ಲಿ, ಕರೆದ ಹೊತ್ತನ್ನು ಅವಲಂಬಿಸಿ ಹೊಂದಿಕೆಯಿಲ್ಲದ ಸ್ಥಿತಿ ಉಂಟಾಗಬಹುದು. ಓದಿದಾಗ ನಮ್ಮ ಆ ತಿಂಗಳ ಕೊನೆಯನ್ನು ಯಾರೋ ನೋಡಿಕೊಂಡು ಬರೆದಂತಿತ್ತು. ಲೋಕದ ಎಷ್ಟು ಕಚೇರಿಗಳಲ್ಲಿ ಅದೇ ರಾತ್ರಿ ಒಂಬತ್ತರ ಕಾಲ್ ನಡೆದಿತ್ತೋ.

ಇಷ್ಟಕ್ಕೆ ಕಥೆ ಮುಗಿಯುವುದಿಲ್ಲ, ಅಜಾಕ್ಸ್ ಬಂದಿತ್ತಲ್ಲ. ಪುಟವನ್ನಿಡೀ ಬದಲಿಸದೆ ಒಂದು ತುಂಡನ್ನಷ್ಟೇ ಬದಲಿಸುವುದು ಅದರ ಕೆಲಸ. ಆದರೆ ಕಾಣದ ಬಟನ್ನು ಬ್ರೌಸರಿಗೆ ಹೋಗಿಯೇ ಇಲ್ಲ. ಈಗ ಅದನ್ನು ಕಾಣಿಸಬೇಕೆಂದರೆ ಯಾವ ಜಾಗದಲ್ಲಿ ಇಡುವುದು? ಇದಕ್ಕೆ ವಿಕೆಟ್ ಕಂಡುಕೊಂಡ ಉಪಾಯ ನಮ್ಮ ಬಸ್ ಸ್ಟ್ಯಾಂಡಿನದು. ಬಟನ್ನಿನ ಬದಲು, ಅದರ ಗುರುತು ಹೊತ್ತ ಖಾಲಿ ಟ್ಯಾಗನ್ನು ಡಿಸ್‌ಪ್ಲೇ ನನ್ ಹಚ್ಚಿ ಕಳಿಸುವುದು. ಕಿಟಕಿಯಿಂದ ಕೈ ಹಾಕಿ ಸೀಟಿನ ಮೇಲೆ ಟವೆಲ್ ಎಸೆದ ಹಾಗೆ. ಕೂರುವವನು ಇನ್ನೂ ಬಂದಿಲ್ಲ, ಜಾಗ ಮಾತ್ರ ಹಿಡಿದಿದೆ. ಸಿಎಸ್‌ಎಸ್‌ನಿಂದ ಮರೆಮಾಡುವುದನ್ನು ಬೈದು ಶುರುಮಾಡಿದವರು ಕೊನೆಗೆ ಅದನ್ನೇ ಬಳಸಿಕೊಂಡರು. ಆದರೆ ಮರೆಯಲ್ಲಿರುವುದು ಬರಿಯ ಟವೆಲ್. ಕದ್ದು ಒತ್ತೋಣವೆಂದರೆ ಅದರೊಳಗೆ ಬಟನ್ನಿಲ್ಲ.

ನನಗೆ ಇದಕ್ಕಿಂತ ಹಿಡಿಸಿದ್ದು, ಇಚ್ಛೆಯನ್ನೂ ಅನುಮತಿಯನ್ನೂ ವಿಕೆಟ್ ಬೇರೆಬೇರೆ ಇಟ್ಟದ್ದು. ಕ್ಲೇಮು ಮುಗಿದಿರುವುದರಿಂದ ಬಟನ್ನು ಬೇಡ ಎಂಬುದು ಒಂದು ಪ್ರಶ್ನೆ. ಈ ಮನುಷ್ಯನಿಗೆ ಅಧಿಕಾರವಿಲ್ಲದ್ದರಿಂದ ಬೇಡ ಎಂಬುದು ಇನ್ನೊಂದು. ಎರಡನೆಯದನ್ನು ಕೇಳಲು ಇಡೀ ಅಪ್ಲಿಕೇಷನ್ನಿಗೆ ಒಂದೇ ಕಡೆ ಕಾವಲುಗಾರನನ್ನು ನಿಲ್ಲಿಸಬಹುದು. ಎರಡರ ಉತ್ತರವೂ ಹೌದು ಎಂದಾದರೆ ಮಾತ್ರ ಬಟನ್ನು ಕಾಣುತ್ತದೆ. ಅಧಿಕಾರದ ಪ್ರಶ್ನೆಯನ್ನು ಸಾಲುಸಾಲಿನ ಬಟನ್ನಿನೊಳಗೆ ತುರುಕಿದ್ದು ನನ್ನ ಮೂಲ ತಪ್ಪು. ಅದು ಅರ್ಥವಾಗಲು ಮತ್ತೆರಡು ವರ್ಷ ಬೇಕಾದವು.

ಈಗ ನನ್ನ ಟೀಮಿನ ಹುಡುಗರು ಬರೆಯುವುದು ರಿಯಾಕ್ಟ್. 2013ರಲ್ಲಿ ಲೋಕಕ್ಕೆ ತೆರೆದುಕೊಂಡ ಅದರಲ್ಲಿ ಪುಟ ಕಟ್ಟುವ ಕೆಲಸವೇ ಸಾಮಾನ್ಯವಾಗಿ ಬ್ರೌಸರಿನದು. ಷರತ್ತು ಮತ್ತೆ ಟ್ಯಾಗುಗಳ ನಡುವೆ ಬಂದು ಕೂತಿದೆ, 1999ರ ಜೆಎಸ್‌ಪಿಯ ಹಾಗೆಯೇ. ಬಟನ್ನಿನ ಕೋಡು ಬಳಕೆದಾರನ ಕಂಪ್ಯೂಟರಿಗೆ ಹೋಗಿಯೇ ಇರುತ್ತದೆ, ಆದ್ದರಿಂದ ಸರ್ವರಿನಲ್ಲಿ ಪ್ರತಿ ಕೆಲಸಕ್ಕೂ ಕಾವಲು ಹಾಕಲೇಬೇಕು. ಹೊಸಬರು ಬಟನ್ನು ಮರೆಮಾಡಿ ಮುಗಿಯಿತು ಎಂದು ಬಂದಾಗ, ನಾನು ಬ್ರೌಸರಿನ ಪರದೆ ತೆರೆದು ಅವರೆದುರೇ ಆ ಕೆಲಸವನ್ನು ಬಟನ್ನಿಲ್ಲದೆ ಮಾಡಿಸಿ ತೋರಿಸುತ್ತೇನೆ.

ಕಳೆದ ವರ್ಷ ಆ ವಿಮೆಯ ಅಪ್ಲಿಕೇಷನ್ನನ್ನು ಹೊಸ ವಿಕೆಟ್ಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪುಟದಲ್ಲಿ ಆಕೆಯ ಹೆಸರು ಇನ್ನೂ ಇತ್ತು, ಅದರ ಕೆಳಗೆ ನಮ್ಮ ತೇಪೆ. ತೇಪೆ ಕಿತ್ತು ಆನ್‌ಕಾನ್ಫಿಗರ್‌ಗೆ ಬದಲಿಸಿ, 2009ರ ಓವರ್‌ರೈಡ್ ನನ್ನ ಸಲಹೆಯಂತೆ ಬರೆದದ್ದು ಎಂದು ಚೆಕ್-ಇನ್ ಟಿಪ್ಪಣಿಯಲ್ಲಿ ಬರೆದೆ. ಆಮೇಲೆ ವಿಳಾಸ ಹುಡುಕಿ ಆಕೆಗೊಂದು ಮೇಲ್ ಕಳಿಸಿದೆ. ಆ ರಾತ್ರಿ ಕಾಲ್‌ನಲ್ಲಿ ಹೇಳಬೇಕಾಗಿದ್ದದ್ದನ್ನು ಅದರಲ್ಲಿ ಬರೆದಿದ್ದೆ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಒಂದೇ ಸಾಲು ಬಂತು: “ಆ ಪುಟ ಇನ್ನೂ ನಡೀಲಿಕತ್ತೈತೇನ್ರಿ ಸರ್?”

ನಡೀಲಿಕತ್ತೈತಿ ಎಂದು ಬರೆದೆ.